ಉಸಿರು ಹಿಡಿದ ಮೇಕೆ ಚರ್ಮ

ಮೊಮ್ಮಗನ ಲಾರಿಗೆ ಎಳೆತವೇ ಇಲ್ಲವೆಂದು ಕಳೆದ ವಾರ ಚಿಂತಾಮಣಿಯ ಗ್ಯಾರೇಜಿಗೆ ಹೋಗಿದ್ದೆವು. ಮೆಕ್ಯಾನಿಕ್ ಡೀಸೆಲ್ ಪಂಪಿನ ಮುಚ್ಚಳ ಬಿಚ್ಚಿ, ಅಂಗೈಯಗಲದ ರಬ್ಬರ್ ಬಿಲ್ಲೆಯೊಂದನ್ನು ಹೊರತೆಗೆದ. ಎಂಜಿನ್ನಿಗೆ ಗಾಳಿ ತುರುಕುವ ಟರ್ಬೋ ಈ ರಬ್ಬರನ್ನು ಒತ್ತಿದಷ್ಟೂ ಪಂಪು ಡೀಸೆಲ್ ಹೆಚ್ಚು ಬಿಡುತ್ತದಂತೆ, ಒತ್ತಡ ತಗ್ಗಿದರೆ ಕೈ ಬಿಗಿ ಹಿಡಿಯುತ್ತದಂತೆ. ಬಿಲ್ಲೆ ಹರಿದಿತ್ತು. “ನಿಮ್ ಕಾಲದಲ್ಲಿ ಇವೆಲ್ಲ ಎಲ್ಲಿತ್ತು ತಾತ?” ಎಂದು ನಕ್ಕ. ಇತ್ತಪ್ಪ... ನಮ್ಮದು ಚರ್ಮದ್ದು. ಯಾಕೋ ಆ ಗ್ಯಾರೇಜಿನಲ್ಲೇ ನನ್ನ ಮೂಗಿಗೆ ಹರಳೆಣ್ಣೆಯ ವಾಸನೆ ಬಂದ ಹಾಗಾಯಿತು.

ಅರವತ್ತರ ದಶಕದ ಮೊದಲ ವರ್ಷಗಳು. ದಿಬ್ಬೂರಹಳ್ಳಿಯಿಂದ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗುವ ಖಾಸಗಿ ಬಸ್ಸಿಗೆ ನಾನು ಡ್ರೈವರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಸ್ಟೀರಿಂಗ್ ಸಿಕ್ಕಿತ್ತು, ಅಷ್ಟೇ ಸಾಕಾಗಿತ್ತು. ಆ ಎಂಜಿನ್ನಿಗೆ ಟರ್ಬೋ ಇರಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಗಾಳಿಯ ದಾರಿ ಕಿರಿದಾಗುತ್ತಿತ್ತು. ಆಗ ಎಂಜಿನ್ ಉಸಿರೆಳೆದುಕೊಳ್ಳುವ ಸೆಳೆತ ಒಂದು ಸಣ್ಣ ಪೈಪಿನ ಮೂಲಕ ಪಂಪಿನೊಳಗಿನ ಚರ್ಮವನ್ನು ಎಳೆದು ಡೀಸೆಲ್ ತಗ್ಗಿಸುತ್ತಿತ್ತು. ಚರ್ಮ ಸೀಳಿದರೆ ಸೆಳೆತ ತಪ್ಪಿ ಡೀಸೆಲ್ ನುಗ್ಗುತ್ತಿತ್ತು.

ಅದೇ ಆಯಿತು. ಟಾಪಿನ ತುಂಬ ರೇಷ್ಮೆಗೂಡಿನ ಮೂಟೆ ಹೊತ್ತು ಶಿಡ್ಲಘಟ್ಟದ ಸ್ಟ್ಯಾಂಡಿಗೆ ಬಂದು ಕಾಲು ತೆಗೆದರೂ ಎಂಜಿನ್ ಅರಚತೊಡಗಿತು. ಜನ ಕಿಟಕಿಯಿಂದೆಲ್ಲ ಹಾರಿದರು. ಹೇಗೋ ನಿಲ್ಲಿಸಿದೆ. ಹೊಸ ಚರ್ಮದ ಬಿಲ್ಲೆ ಬೆಂಗಳೂರಿನಿಂದ ಬರಲು ನಾಲ್ಕು ದಿನ. ಬಸ್ಸಿನ ಸಾಹುಕಾರರು ಹೇಳಿಕಳಿಸಿದ್ದು ಒಂದೇ ಮಾತು: “ನಾಳೆ ಬೆಳಿಗ್ಗೆ ಗಾಡಿ ಹೊರಡ್ಲಿಲ್ಲ ಅಂದ್ರೆ ನೀನು ಮನೇಲೇ ಇರು.” ಮನೆಯಲ್ಲಿ ಹೆಂಡತಿಗೆ ಎಂಟು ತಿಂಗಳು.

ಸ್ಟ್ಯಾಂಡಿನ ಎದುರು ಹುಣಸೆಮರದ ಕೆಳಗೆ ಒಬ್ಬ ತಾತ ಚಪ್ಪಲಿ ಹೊಲಿಯುತ್ತಿದ್ದರು. ಅವರ ಮುಂದೆ ಸೀಳಿದ ಬಿಲ್ಲೆ ಎಸೆದು, “ಇಂಥದ್ದೊಂದು ಕತ್ತರಿಸಿಕೊಡ್ತೀಯಾ?” ಎಂದೆ. ಅವರು ಅದನ್ನು ಬಗ್ಗಿಸಿ, ಮೂಸಿ ನೋಡಿದರು.

“ಇದಕ್ಕೇನು ಸವರಿದ್ರಿ ಡ್ರೈವರಪ್ಪ?”

“ಕೊಳೆಯಾಗಿತ್ತು. ಸೀಮೆಎಣ್ಣೇಲಿ ತೊಳ್ದೆ.”

“ಅಯ್ಯೋ ದೇವ್ರಾ! ಚರ್ಮಕ್ಕೆ ಸೀಮೆಎಣ್ಣೆನಾ? ನಿಮ್ ಮೈಗೊಂದ್ಸಲ ಹಚ್ಕೊಂಡು ಬಿಸಿಲಲ್ಲಿ ನಿಂತ್ಕೊಳ್ಳಿ, ಗೊತ್ತಾಗ್ತದೆ.”

ಮಾಡಿದ್ದುಣ್ಣೋ ಮಹಾರಾಯ. ತಾತ ಎಳೆಯ ಮೇಕೆಯ ಚರ್ಮ ಹುಡುಕಿ ತೆಗೆದರು. ಹರಳೆಣ್ಣೆ ಹಾಕಿ, ಎರಡೂ ಅಂಗೈಯ ನಡುವೆ ಮಧ್ಯಾಹ್ನವೆಲ್ಲ ಉಜ್ಜಿದರು. ಆ ಕೈಗಳನ್ನು ನೋಡುತ್ತ ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದೆ... ಬಾಣಂತಿ ಮನೆಯ ಅಜ್ಜಿ ಮಗುವಿಗೆ ಎಣ್ಣೆ ತಿಕ್ಕುವ ಹಾಗೆ ಉಜ್ಜುತ್ತಿದ್ದರು. ನಡುವೆ ತೆಲುಗಿನಲ್ಲಿ ಏನೋ ಗುನುಗುವುದು, ಚರ್ಮವನ್ನು ಬೆಳಕಿಗೆ ಹಿಡಿಯುವುದು, ಮತ್ತೆ ಉಜ್ಜುವುದು. ಅಷ್ಟು ನಿಶ್ಚಿಂತೆಯ ಮಧ್ಯಾಹ್ನ ನನಗೆ ಆಮೇಲೆ ಸಿಕ್ಕಿದ್ದು ಕಡಿಮೆ.

ಪಂಪಿಗೆ ಕೂರಿಸಿದ ಮೇಲೆ ಪರೀಕ್ಷೆ. ಪೈಪಿನ ತುದಿಗೆ ಬಾಯಿಟ್ಟು ಗಾಳಿ ಎಳೆದು ನಾಲಗೆಯಿಂದ ಮುಚ್ಚಬೇಕು. ನಾಲಗೆ ಅಂಟಿಕೊಂಡೇ ಇದ್ದರೆ ಚರ್ಮ ಉಸಿರು ಹಿಡಿದಿದೆ ಎಂದರ್ಥ. ನಾನು ಹೇಳಿಕೊಟ್ಟೆ, ಅವರು ಎಳೆದರು. ನಾಲಗೆ ಅಂಟಿಕೊಂಡಿತು. ಮಾತಾಡಲಾಗದೆ ಕಣ್ಣಲ್ಲೇ ನಕ್ಕರು. ಬಿಡಿಸಿಕೊಂಡು ಪೈಪನ್ನು ನನ್ನ ಕಡೆ ಹಿಡಿದರು.

“ನೀವೂ ಒಂದ್ಸಲ ನೋಡ್ರಪ್ಪ. ಜನನ ಕೂರಿಸ್ಕೊಂಡು ಓಡ್ಸೋರು ನೀವು.”

ನಾನು ಹೊಲ, ತೋಟ ಇದ್ದ ಮನೆಯವನು. ಅವರು ಊರಾಚೆಯ ಕೇರಿಯವರು. ಕೈ ಮುಂದಕ್ಕೆ ಹೋಗಲಿಲ್ಲ. ಅವರಿಗೆ ಅರ್ಥವಾಯಿತು. ಪಂಚೆಯ ಚುಂಗಿನಿಂದ ಪೈಪಿನ ಬಾಯನ್ನು ಒರೆಸಿ ಮತ್ತೆ ಹಿಡಿದರು. ಇನ್ನೊಮ್ಮೆ ಒರೆಸಿದರು.

“ಬೇಡ ಬಿಡು. ನೀನು ನೋಡಿದೀಯಲ್ಲ” ಎಂದೆ.

“ಆಗ್ಲಿ ಬಿಡ್ರಪ್ಪ” ಎಂದರು. ಆಮೇಲೆ ಮುಖ ಎತ್ತಲಿಲ್ಲ.

ಮರುದಿನ ಬಸ್ಸು ಹೊರಟಿತು. ಕೆಲಸ ಉಳಿಯಿತು, ಮಗಳು ಹುಟ್ಟಿದಳು. ಬೆಂಗಳೂರಿನ ಬಿಲ್ಲೆ ಬಂದರೂ ಹಾಕಲಿಲ್ಲ, ಮೇಕೆ ಚರ್ಮ ವರ್ಷಗಟ್ಟಲೆ ದುಡಿಯಿತು. ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ತಾತ ಉಳಿ ನಿಲ್ಲಿಸಿ, ಎಂಜಿನ್ ಸಣ್ಣಗೆ ಗುಟುಗುಟು ಅನ್ನುವುದನ್ನು ಕೇಳಿಸಿಕೊಂಡು ತಲೆಯಾಡಿಸುತ್ತಿದ್ದರು. ನಾನು ಹಾರನ್ ಹೊಡೆಯುತ್ತಿದ್ದೆ. ಇಳಿದು ಹೋಗಿ ಒಂದು ಮಾತಾಡಬೇಕೆಂದು ಎಷ್ಟು ಸಲ ಅನ್ನಿಸಿತೋ... ಒಂದು ದಿನ ಮರದ ಕೆಳಗೆ ಯಾರೂ ಇರಲಿಲ್ಲ. ಗೌರಿಬಿದನೂರಿನ ಮಗಳ ಮನೆಗೆ ಹೋದರೆಂದರು. ಮತ್ತೆ ಬರಲಿಲ್ಲ.

ನಾಚಿಕೆಗೆ ವಯಸ್ಸಾಗುವುದಿಲ್ಲ. ಮೊನ್ನೆ ಮೊಮ್ಮಗನನ್ನು ಕಾಡಿ ಶಿಡ್ಲಘಟ್ಟಕ್ಕೆ ಹೋದೆ. ಮರವಿಲ್ಲ, ಅಂಗಡಿಸಾಲು ಎದ್ದಿದೆ. ಟೀ ಅಂಗಡಿಯವನ ಹತ್ತಿರ, ಇಲ್ಲಿ ಚಪ್ಪಲಿ ಹೊಲಿಯುತ್ತಿದ್ದ ತಾತನ ಮನೆಯವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದೆ.

“ಅವರ ಹೆಸ್ರೇನು ತಾತ?” ಎಂದು ಕೇಳಿದ.

ಹೆಸರನ್ನು ನಾನು ಕೇಳಿರಲೇ ಇಲ್ಲ. ಆ ಮಧ್ಯಾಹ್ನವೆಲ್ಲ ಅವರನ್ನು ನಾನು ಕರೆದದ್ದು ‘ಏಯ್’ ಎಂದು.