‘ಇಲ್ಲ’ ಎಂದು ಬರೆಯದ ಸೆಂಗಾ ರಾಟ್ರೇ

ನೀಲಿ ಮಾತ್ರೆಯೊಂದರ ಅಂಚನ್ನು ಚಿಕ್ಕ ಚಾಕುವಿನಿಂದ ಕೆರೆದು ಪುಡಿಯನ್ನು ತಕ್ಕಡಿಯ ತಟ್ಟೆಗೆ ಉದುರಿಸುತ್ತಿದ್ದಾಗ ಬೀಳ್ಕೊಡುಗೆಯ ಪುಸ್ತಕಕ್ಕೆ ನಾನು ಬರೆಯಬೇಕಿದ್ದ ಈ ಲೇಖನದ ಮೊದಲ ವಾಕ್ಯ ಹೊಳೆಯಿತು. ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಡಂಡೀ ನಗರದ ನಮ್ಮ ಪ್ರಯೋಗಾಲಯದ ಕಿಟಕಿಯಾಚೆ ಟೇ ನದಿ ಅಪರೂಪಕ್ಕೆ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಮೂವತ್ನಾಲ್ಕು ವರ್ಷ ಇದೇ ತಕ್ಕಡಿಯ ಮುಂದೆ ನಿಂತು, ನಿದ್ರೆಗುಳಿಗೆಯ ವೇಷದಲ್ಲಿ ಬೀದಿಗಿಳಿಯುವ ಹೊಸ ಹೊಸ ರಸಾಯನಗಳನ್ನು ಗುರುತಿಸುವುದರಲ್ಲಿ ಸ್ಕಾಟ್ಲೆಂಡಿನ ಹಿರಿಯ ತಜ್ಞರೆನಿಸಿಕೊಂಡ ಸೆಂಗಾ ರಾಟ್ರೇ ಅವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ.

ತಕ್ಕಡಿಯ ಪಕ್ಕದಲ್ಲಿ ಒಂದು ಪತ್ರವಿತ್ತು. ಅವರ ಜಾಗಕ್ಕೆ ನಾನು ಬರುವೆನೇ ಎಂದು ಮೇಲಿನವರು ಕೇಳಿದ್ದರು. ನಮ್ಮ ಕಟ್ಟಡದ ಬೀದಿ ಬದಿಗೆ ಸೆಂಗಾ ಅವರು ತೆರೆಸಿದ ಒಂದು ಕಿಂಡಿ ಇದೆ. ಯಾರು ಬೇಕಾದರೂ ಹೆಸರು ಹೇಳದೆ ಮಾತ್ರೆಯೊಂದನ್ನು ಅಲ್ಲಿ ಕೊಟ್ಟು, ಅದರಲ್ಲಿ ಏನಿದೆ ಎಂದು ಮರುದಿನ ಕೇಳಿ ತಿಳಿದುಕೊಳ್ಳಬಹುದು. ಅದರ ಪರವಾನಗಿಯಲ್ಲಿ ಜವಾಬ್ದಾರರ ಹೆಸರೊಂದು ಇರಲೇಬೇಕು. ಆ ಹೆಸರು ಇಲ್ಲವಾದರೆ ಕಿಂಡಿ ಮುಚ್ಚುತ್ತದೆ. ಎರಡು ಸಲ ನಾನು ಆಗುವುದಿಲ್ಲ ಎಂದಿದ್ದೆ. ಉತ್ತರ ಕೊಡಲು ಮರುದಿನವೇ ಕೊನೆ.

ಸೆಂಗಾ ಅವರ ಹೆಸರಿನ ಕಥೆಯಿಂದ ಆರಂಭಿಸುವುದು ಒಳ್ಳೆಯದು. ಅವರ ಅಜ್ಜಿ ಆಗ್ನೆಸ್. ಮೊಮ್ಮಗಳಿಗೆ ಅದೇ ಹೆಸರಿಡಬೇಕೆಂದು ಅಜ್ಜಿಗೆ ಹಟ, ಹಳೆಯ ಕಾಲದ ಹೆಸರು ಬೇಡವೆಂದು ತಾಯಿಗೆ ಹಟ. ಕೊನೆಗೆ ತಾಯಿ ಆ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಕೊನೆಯಿಂದ ಬರೆದರು. ಆಗ್ನೆಸ್ ಹೋಗಿ ಸೆಂಗಾ ಆಯಿತು. ನಮ್ಮ ಕಡೆ ಇಂಥ ಸೆಂಗಾಗಳು ಬೇಕಾದಷ್ಟಿದ್ದಾರೆ. ಆದರೆ ಆ ಹೆಸರನ್ನು ಕಾನೂನಿನ ಮುಂದೆ ಸಾಕ್ಷಿಯಾಗಿ ನಿಲ್ಲಿಸಿದವರು ಇವರೊಬ್ಬರೇ.

ನಾನು ಇಲ್ಲಿ ಸೇರಿ ಇಪ್ಪತ್ತೆರಡು ವರ್ಷವಾಯಿತು. ಸೇರಿದ ಮೊದಲ ಚಳಿಗಾಲದಲ್ಲೇ ನನ್ನ ತಾಯಿ ತೀರಿಕೊಂಡರು. ಕೆಲಸಕ್ಕೆ ಮರಳಿದ ದಿನ ಒಂದೇ ಮಾತ್ರೆಯನ್ನು ಮೂರು ಸಲ ತೂಗಿದೆ. ಸೆಂಗಾ ಅವರು ಸಾಂತ್ವನದ ಮಾತೊಂದನ್ನೂ ಆಡದೆ ನನ್ನನ್ನು ತೊಳೆಯುವ ತೊಟ್ಟಿಯ ಬಳಿ ಕರೆದೊಯ್ದರು.

“ಎಫಿ, ಈ ವಾರ ಪೂರ್ತಿ ಸೀಸೆ ತೊಳಿ. ಗಾಜು ಏನೂ ಕೇಳಲ್ಲ ಕಣೇ.”

ಅಳುವುದಕ್ಕೆ ನೀರಿನ ಸದ್ದು ಬೇಕೆಂದು ಅವರಿಗೆ ಹೇಗೆ ಗೊತ್ತಿತ್ತೋ, ನಾನು ಈವರೆಗೂ ಕೇಳಿಲ್ಲ.

ಹನ್ನೊಂದು ವರ್ಷಗಳ ಹಿಂದೆ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯದಿದ್ದರೆ ಅವರ ದೊಡ್ಡತನವನ್ನು ಹೇಳಿದಂತಾಗುವುದಿಲ್ಲ. ನಮ್ಮೂರಿನಲ್ಲಿ ಬೀದಿಯಲ್ಲಿ ಸಿಗುವ ಮಾತ್ರೆ ನೀಲಿಯಾಗಿದ್ದರೆ ಜನ ಅದನ್ನು ವೇಲಿಯಂ ಎಂಬ ನಿದ್ರೆಗುಳಿಗೆಯ ಹೆಸರಿನಿಂದಲೇ ಕರೆಯುತ್ತಾರೆ. ಒಳಗೆ ವೇಲಿಯಂ ಇರಬೇಕೆಂದೇನಿಲ್ಲ. ಮಹಿಳೆಯರ ವಸತಿಗೃಹವೊಂದರಲ್ಲಿ ಸಿಕ್ಕ ಅಂಥ ಮಾತ್ರೆಗಳನ್ನು ಪೊಲೀಸರು ನಮಗೆ ಕಳುಹಿಸಿದರು. ಪುಡಿಯಲ್ಲಿರುವ ಒಂದೊಂದು ರಸಾಯನವನ್ನೂ ಒಂದೊಂದು ಗೆರೆಯಾಗಿ ತೋರಿಸುವ ನಮ್ಮ ಯಂತ್ರ ಗೆರೆಯೊಂದನ್ನು ತೋರಿಸಿತು, ಆದರೆ ಅದು ಕಾನೂನಿನ ಪಟ್ಟಿಯಲ್ಲಿದ್ದ ಯಾವುದಕ್ಕೂ ಹೊಂದಲಿಲ್ಲ. ನಾನು ರೂಢಿಯಂತೆ ಬರೆದೆ: ‘ನಿಷೇಧಿತ ವಸ್ತು ಇಲ್ಲ.’ ನ್ಯಾಯಾಲಯದ ದೃಷ್ಟಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ವಸತಿಗೃಹದ ಮೇಲ್ವಿಚಾರಕಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಆ ವರದಿಯ ಪ್ರತಿಯನ್ನು ಅಡುಗೆಮನೆಯ ಹಲಗೆಗೆ ಚುಚ್ಚಿದರು. ‘ಇಲ್ಲ’ ಎಂಬುದನ್ನು ಓದಿದ ರೋನಾ ಎಂಬ ಹೆಂಗಸು ತನ್ನ ಬಳಿ ಉಳಿದಿದ್ದ ಮಾತ್ರೆಗಳಲ್ಲಿ ಒಂದನ್ನು ನುಂಗಿದಳು. ಏನೂ ಆಗಲಿಲ್ಲವೆಂದು ಇನ್ನೊಂದು ನುಂಗಿ, ಮೇಲೆ ಒಂದು ಲೋಟ ವೈನ್ ಕುಡಿದಳು. ತಡವಾಗಿ ಹತ್ತುವುದು, ಒಂದು ಮಾತ್ರೆಯಂತೆ ಇನ್ನೊಂದು ಇಲ್ಲದಿರುವುದು, ಮದ್ಯ ಸೇರಿದರೆ ಉಸಿರಿಗೇ ಜೋಂಪು ಹಿಡಿಯುವುದು, ಇವೆಲ್ಲ ಈ ಮಾತ್ರೆಗಳ ಗುಣ. ಆಸ್ಪತ್ರೆಯಲ್ಲಿ ಎರಡು ದಿನ ಕಳೆದ ಮೇಲೆ ಅವಳು ಕಣ್ಣು ಬಿಟ್ಟಳು.

ಸೆಂಗಾ ಅವರು ನನ್ನನ್ನು ಬೈಯಲಿಲ್ಲ, ತಪ್ಪನ್ನು ತಮ್ಮ ಮೇಲೆ ಹೊತ್ತುಕೊಳ್ಳಲೂ ಇಲ್ಲ. ಕೋಟು ಹಾಕಿಕೊಂಡು, “ಬಾ, ನಿನ್ನ ವರದಿ ಓದಿದವಳು ಎದ್ದಿದ್ದಾಳೆ” ಎಂದರು. ವಾರ್ಡಿನಲ್ಲಿ ರೋನಾಳ ಮಂಚದ ಪಕ್ಕ ಕೂತು, ವರದಿಯ ಹೊಸ ವಾಕ್ಯವನ್ನು ನನ್ನ ಕೈಯಿಂದಲೇ ಮತ್ತೆ ಮತ್ತೆ ಬರೆಸಿ, ಅವಳಿಗೆ ಓದಿ ಹೇಳಿಸಿದರು.

ಮೊದಲನೆಯದನ್ನು ಕೇಳಿ ರೋನಾ ಮುಖ ಸಿಂಡರಿಸಿದಳು. “ಏನಮ್ಮಾ ಇದು, ಜಡ್ಜ್ ಹೆಂಡ್ತಿಗೆ ಬರ್ದಿದ್ದಾ?”

ಆರನೆಯದಕ್ಕೆ, “ನಂಗೆ ಮತ್ತೆ ನಿದ್ದೆ ಬರ್ತಿದೆ. ಈ ಸಲ ಮಾತ್ರೆ ತಗೊಂಡಿಲ್ಲ, ನಿಮ್ಮ ವಾಕ್ಯ ಕೇಳಿಯೇ!” ಎಂದಳು.

ಸೆಂಗಾ ಅವರು ನಕ್ಕ ರಭಸಕ್ಕೆ ದಾದಿ ಓಡಿ ಬಂದಳು. ನಾನೂ ನಕ್ಕೆ, ನಕ್ಕಿದ್ದಕ್ಕೆ ನಾಚಿದೆ. ಹನ್ನೊಂದನೆಯ ಸಲ ಬರೆದದ್ದು ಇಷ್ಟು: ‘ನಾವು ಹುಡುಕಿದ್ದು ಸಿಗಲಿಲ್ಲ. ಬೇರೇನೋ ಇದೆ. ಅದು ಏನೆಂದು ನಮಗೆ ಇನ್ನೂ ಗೊತ್ತಿಲ್ಲ.’

“ಹಾಂ, ಇದು ಅರ್ಥ ಆಯ್ತು,” ಎಂದಳು ರೋನಾ. “ಇದನ್ನ ಓದಿದ್ರೆ ನಂಗೆ ಹೆದ್ರಿಕೆ ಆಗ್ತಿತ್ತು.”

ಅಂದಿನಿಂದ ನಮ್ಮ ವರದಿಯ ನಾಲ್ಕನೇ ಸಾಲು ಅದೇ. ‘ಇಲ್ಲ’ ಎಂಬ ಪದವನ್ನು ಸೆಂಗಾ ಅವರು ಒಂಟಿಯಾಗಿ ಎಲ್ಲಿಯೂ ಬರೆದದ್ದನ್ನು ನಾನು ಕಂಡಿಲ್ಲ.

ಆ ಗೆರೆ ವೇಲಿಯಂನ ಅಣುವನ್ನೇ ಕೊಂಚ ಬದಲಿಸಿದಂತಿರುವ ಎಟಿಜೊಲಾಮ್ ಎಂಬ ವಸ್ತುವಿನದು ಎಂದು ಪತ್ತೆಯಾಯಿತು. ಅದನ್ನು ಪಟ್ಟಿಗೆ ಸೇರಿಸಬೇಕೆಂದು ಹೇಳಲು ಅವರು ಲಂಡನ್ನಿನ ತಜ್ಞರ ಸಭೆಗೆ ಹೋದಾಗ ಕಡತ ಹಿಡಿದು ನಾನೂ ಜೊತೆಗಿದ್ದೆ. ಅಣುವಿನ ಒಂದು ಮೂಲೆ ಬದಲಾದರೆ ಅಷ್ಟೇನು ಅಪಾಯ ಎಂದು ಅಧಿಕಾರಿಯೊಬ್ಬರು ಕೇಳಿದರು.

“ಸಾರ್, ಬಾಗಿಲಲ್ಲಿ ಆಗ್ನೆಸ್‌ನ ಒಳಗೆ ಬಿಡಬೇಡಿ ಅಂತ ಚೀಟಿ ಅಂಟಿಸಿದ್ದೀರಿ. ನಾನು ಸೆಂಗಾ, ಒಳಗೆ ಬಂದೇಬಿಟ್ಟೆ. ಈಗ ನನ್ನ ಮೂಗು ನೋಡಿ. ನಮ್ಮಜ್ಜಿದೇ ಮೂಗು!”

ಸಭೆ ನಕ್ಕಿತು, ಆಮೇಲೆ ಗಂಭೀರವಾಗಿ ಕೇಳಿತು. 2017ರಲ್ಲಿ ಆ ವಸ್ತು ಪಟ್ಟಿಗೆ ಸೇರಿತು. ನಾವು ಸಂಭ್ರಮಿಸುತ್ತಿರುವಾಗಲೇ ಯಂತ್ರ ಇನ್ನೊಂದು ಅಪರಿಚಿತ ಗೆರೆಯನ್ನು ತೋರಿಸಿತು. ಸೆಂಗಾ ಅವರು ಕನ್ನಡಕ ಏರಿಸಿ, “ಬಂದ್ಳು ನೋಡು ಅವಳ ತಂಗಿ!” ಎಂದರು. ಕಾನೂನು ಬೇಕೇಬೇಕು, ಆದರೆ ಅದು ಯಾವಾಗಲೂ ಹೋದವಳ ಹೆಸರನ್ನೇ ಬರೆದುಕೊಳ್ಳುತ್ತಿರುತ್ತದೆ ಎಂಬುದನ್ನು ಅವರು ಕಹಿಯಿಲ್ಲದೆ ಒಪ್ಪಿಕೊಂಡಿದ್ದರು. ಶಿಕ್ಷೆಗೆ ಹೆದರಿ ಜನ ಮಾತ್ರೆಯನ್ನು ಬಚ್ಚಿಟ್ಟರೆ ಬಂದವಳು ಯಾರೆಂದು ನಮಗೆ ತಿಳಿಯುವುದೇ ಇಲ್ಲ. ಆದ್ದರಿಂದಲೇ ಕಿಂಡಿ. ಅದಕ್ಕಾಗಿ ಐದು ವರ್ಷ ಅರ್ಜಿ ಬರೆದರು. ಕಿಂಡಿಗೆ ಬರುವವರನ್ನು ದಾರಿಯಲ್ಲಿ ತಡೆಯುವುದಿಲ್ಲವೆಂದು ಪೊಲೀಸರಿಂದ ಮಾತು ಪಡೆದರು. ಬಂದವರಿಗೆಲ್ಲ ಅವರದು ಒಂದೇ ಉಪದೇಶ: “ಬಿಡೋದಾದ್ರೆ ಒಂದೇ ಸಲಕ್ಕೆ ಬಿಡಬೇಡ ಮಗಳೇ, ಫಿಟ್ಸ್ ಬರುತ್ತೆ. ಡಾಕ್ಟರ ಹತ್ರ ಹೋಗಿ ಸ್ವಲ್ಪ ಸ್ವಲ್ಪವಾಗಿ ಬಿಡು.”

ಈ ಮಾತನ್ನು ಮೊದಲು ಪಾಲಿಸಿದವಳು ರೋನಾ. ಬಿಡಲು ಅವಳಿಗೆ ಒಂದೂವರೆ ವರ್ಷ ಬೇಕಾಯಿತು. ಈಗ ಕಿಂಡಿಯಲ್ಲಿ ಕೂರುವವಳು ಅವಳೇ. ಇಂದಿಗೂ ಅವಳನ್ನು ಕಂಡಾಗಲೆಲ್ಲ ನನ್ನ ಎದೆ ಒಮ್ಮೆ ಕುಗ್ಗುತ್ತದೆ. ನನ್ನ ಎರಡು ನಿರಾಕರಣೆಗಳ ಹಿಂದಿದ್ದದ್ದು ಆ ಕುಗ್ಗುವಿಕೆಯೇ.

ಈ ಗುರುವಾರವೂ ಅವಳು ಈರುಳ್ಳಿ ಹಾಕಿದ ಮಾಂಸದ ಕಡುಬಿನಂಥ ಬಿಸಿ ಬ್ರೈಡಿಗಳ ಪೊಟ್ಟಣ ಹಿಡಿದು ಒಳಗೆ ಬಂದಳು. “ಎಫೀ, ಪುಸ್ತಕಕ್ಕೆ ಬರೀತಿದ್ದೀಯಂತೆ! ನನ್ನ ಬಗ್ಗೆ ಬರಿ, ಮುಚ್ಚಿಡಬೇಡ. ಹತ್ತು ಸಲ ನಿನ್ನ ತಿದ್ದಿದ ಮೇಷ್ಟ್ರು ನಾನು, ಮರೀಬೇಡ.”

“ಬರೀತೀನಿ ಮೇಷ್ಟ್ರೇ,” ಎಂದೆ. ಅವಳು ನಗುತ್ತಾ ಪಕ್ಕದ ಕೋಣೆಗೆ ಹೋದಳು.

ಸೆಂಗಾ ರಾಟ್ರೇ ಅವರಿಗೆ ಅವರ ಅಜ್ಜಿಯ ಆಯಸ್ಸು ಸಿಗಲಿ. ಆಗ್ನೆಸ್ ತೊಂಬತ್ತೇಳು ವರ್ಷ ಬದುಕಿದ್ದರಂತೆ. ಅವರು ಬರೆಯಬೇಕೆಂದಿರುವ ಪುಸ್ತಕ ಪೂರ್ತಿಯಾಗಲಿ, ಮಂಡಿನೋವು ಕಡಿಮೆಯಾಗಲಿ, ಯಂತ್ರದಲ್ಲಿ ಹೊಸ ತಂಗಿ ಕಾಣಿಸಿಕೊಂಡಾಗೆಲ್ಲ ಅವರ ಮನೆಯ ಫೋನು ಬಡಿದುಕೊಳ್ಳುತ್ತಲೇ ಇರಲಿ.

ಅಷ್ಟರಲ್ಲಿ ಯಂತ್ರ ಆ ನೀಲಿ ಪುಡಿಯ ಪರೀಕ್ಷೆ ಮುಗಿಸಿತ್ತು. ಗೆರೆ ಯಾವುದಕ್ಕೂ ಹೊಂದಿರಲಿಲ್ಲ. ನಾಲ್ಕನೇ ಸಾಲನ್ನು ಬರೆದೆ: ನಾವು ಹುಡುಕಿದ್ದು ಸಿಗಲಿಲ್ಲ, ಬೇರೇನೋ ಇದೆ, ಅದು ಏನೆಂದು ನಮಗೆ ಇನ್ನೂ ಗೊತ್ತಿಲ್ಲ. ಪಕ್ಕದ ಕೋಣೆಯಿಂದ ಸೆಂಗಾ ಕೂಗಿದರು: “ಎಫಿ, ಬ್ರೈಡಿ ಆರ್ತಿದೆ ಕಣೇ! ಬರದಿದ್ರೆ ನಿನ್ನ ಪಾಲೂ ರೋನಾಗೇ!”

“ಬಂದೆ,” ಎಂದೆ. ಅದೇ ಪೆನ್ನಿನಿಂದ ಪತ್ರದ ಕೆಳಗೆ ‘ಬರುತ್ತೇನೆ’ ಎಂದೂ ನನ್ನ ಹೆಸರನ್ನೂ ಬರೆದು, ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡೆ. ಹೋಗಿ ಇಬ್ಬರ ನಡುವೆ ಕೂತು ಬ್ರೈಡಿ ತಿಂದೆ.