ಮಡಕೆ ಚೂರಿನ ಮತದಾನ

ಹೊಸಪೇಟೆಯ ಕಾಲೇಜೊಂದರಲ್ಲಿ ನಾನು ಗ್ರೀಕರನ್ನೂ ರೋಮನ್ನರನ್ನೂ ಪಾಠ ಮಾಡುತ್ತೇನೆ. ಇಲ್ಲಿನ ಮಕ್ಕಳ ಮುಂದೆ ಅವರ ಆಟ ನಡೆಯುವುದಿಲ್ಲ. ಮುರಿದ ಕಂಬ, ಮೂಗಿಲ್ಲದ ವಿಗ್ರಹ, ಸೂರಿಲ್ಲದ ಬಜಾರು, ಇವನ್ನೆಲ್ಲ ಹುಟ್ಟಿದಾಗಿನಿಂದ ಹಂಪಿಯಲ್ಲಿ ನೋಡಿದವರು ಈ ಮಕ್ಕಳು. ರೋಮಿನ ಚಿತ್ರ ತೋರಿಸಿದರೆ ಹಂಪಿ ಪಕ್ಕದ ಕಡ್ಡಿರಾಂಪುರದ ಹುಡುಗ, "ಇಲ್ಲೂ ಟಿಕೀಟ್ ಐತೇನ್ರಿ ಸರ್?" ಎಂದು ಕೇಳುತ್ತಾನೆ. ಗ್ರೀಕರು ಜಗತ್ತಿಗೆ ಕೊಟ್ಟ ಕೊಡುಗೆ ಏನು ಎಂಬ ಪ್ರಶ್ನೆಗೆ ಒಬ್ಬಳು "ಕಲ್ಯಾಣ ಮಂಟಪದ ಕಂಬಗಳು" ಎಂದು ಉತ್ತರ ಬರೆದಿದ್ದಳು. ಸಂಡೂರು ರಸ್ತೆಯ ಮದುವೆ ಹಾಲ್‌ಗಳ ಮುಂದಿನ ಗ್ರೀಕ್ ನಮೂನೆಯ ಕಂಬಗಳನ್ನು ನೆನೆಸಿಕೊಂಡು ಪೂರ್ತಿ ಅಂಕ ಕೊಟ್ಟೆ.

ನಾನು ಅತಿಥಿ ಉಪನ್ಯಾಸಕ. ಅತಿಥಿ ಎಂದ ಮಾತ್ರಕ್ಕೆ ಯಾರೂ ಕಾಲಿಗೆ ನೀರು ಕೊಡುವುದಿಲ್ಲ. ಸೆಮಿಸ್ಟರ್ ಮುಗಿದ ದಿನ ಬಿಡುಗಡೆ ಮಾಡುತ್ತಾರೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು, ಕರೆದರೆ ಬರಬೇಕು. ಹೀಗೆ ಬಂದು ಹೋಗುವುದರಲ್ಲೇ ಅರ್ಧ ತಲೆ ನೆರೆತಿದೆ. ಈ ಸಲ ನಿಯಮ ಬದಲಾಗುತ್ತದೆ, ಹಳಬರನ್ನು ಕರೆಯುವುದಿಲ್ಲ ಎಂಬ ಸುದ್ದಿ ಸ್ಟಾಫ್ ರೂಮಿನಲ್ಲಿ ಹರಿದಾಡುತ್ತಿತ್ತು. ಕರೆಯುತ್ತಾರೋ ಇಲ್ಲವೋ ಎನ್ನುವುದೊಂದೇ ನನ್ನ ಚಿಂತೆ. ಮೇಲಿನವರ ಮಾತು ಹೇಗಾದರೂ ಇರಲಿ, ಮಕ್ಕಳಿಗಾದರೂ ನಾನು ಬೇಕು ಎಂದುಕೊಂಡು ಸಮಾಧಾನಪಟ್ಟಿದ್ದೆ.

ಅಥೆನ್ಸಿನವರಲ್ಲಿ ಒಂದು ಪದ್ಧತಿಯಿತ್ತು. ಊರಿನಲ್ಲಿ ಯಾರಾದರೂ ಅತಿಯಾಗಿ ಬೆಳೆದನೆನ್ನಿಸಿದರೆ ಜನ ಸೇರಿ ಒಡೆದ ಮಡಕೆಯ ಚೂರುಗಳ ಮೇಲೆ ಅವನ ಹೆಸರು ಗೀಚಿ ಹಾಕುತ್ತಿದ್ದರು. ಯಾರ ಹೆಸರಿನ ಚೂರು ಹೆಚ್ಚೋ ಅವನು ಹತ್ತು ವರ್ಷ ಊರು ಬಿಡಬೇಕು. ಆಸ್ತಿಗೂ ಮಾನಕ್ಕೂ ಧಕ್ಕೆಯಿಲ್ಲ, ಊರು ಮಾತ್ರ ಇಲ್ಲ. ಈ ಪಾಠ ಪ್ರತಿ ವರ್ಷ ಮಧ್ಯಾಹ್ನದ ಊಟವಾದ ಮೇಲೇ ಬರುತ್ತದೆ, ಕ್ಲಾಸು ಕೂತಲ್ಲೇ ತೂಕಡಿಸುತ್ತದೆ. ಅದಕ್ಕೇ ಈ ಬಾರಿ ಮಾಡಿಯೇ ತೋರಿಸೋಣ ಎಂದೆ. ಕಂಪ್ಲಿಯಿಂದ ಬರುವ ಹುಡುಗ ಕುಂಬಾರರ ಓಣಿಯಿಂದ ಒಂದು ಚೀಲ ಚೂರು ತಂದ.

"ಸಿಟ್ಟಿಗೆ ಬರೀಬ್ಯಾಡ್ರಿ. ಯಾರು ಹೊರಗ ಹೋದ್ರ ಕ್ಲಾಸಿಗೆ ಚಲೋ ಅಂತ ಅನ್ನಿಸ್ತೈತಿ, ಅವ್ರ ಹೆಸರು ಬರೀರಿ" ಎಂದೆ. ಸ್ಕೆಚ್ ಪೆನ್ನು ಕೈಯಿಂದ ಕೈಗೆ ದಾಟಿತು. ಹಿಂದಿನ ಬೆಂಚಿನಲ್ಲಿ ಸ್ವಲ್ಪ ಪಿಸುಪಿಸು ನಡೆಯಿತು, ಪ್ರಜಾಪ್ರಭುತ್ವ ಎಂದುಕೊಂಡು ಸುಮ್ಮನಿದ್ದೆ. ಚೂರುಗಳನ್ನು ಮೇಜಿನ ಮೇಲೆ ಸುರಿದು ಒಂದೊಂದಾಗಿ ಓದತೊಡಗಿದೆ. ಮೊದಲನೆಯದರಲ್ಲಿ ನನ್ನ ಹೆಸರಿತ್ತು. ಎರಡನೆಯದರಲ್ಲೂ ಇತ್ತು. ಕೊನೆಯ ತನಕ ಬೇರೆ ಹೆಸರೇ ಬರಲಿಲ್ಲ. ಅಥೆನ್ಸಿನಲ್ಲಿ ಕೂಡ ಇಷ್ಟು ಒಮ್ಮತ ಇದ್ದಿರಲಾರದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಗಂಟೆ ಹೊಡೆಯಿತು.

ಚೂರುಗಳನ್ನು ಚೀಲಕ್ಕೆ ತುಂಬಿ ಮನೆಗೆ ತಂದೆ, ಏಕೆ ತಂದೆನೋ ಗೊತ್ತಿಲ್ಲ. ಸಂಜೆ ಅವ್ವ ಅದರಲ್ಲಿ ತರಕಾರಿ ಇದೆಯೆಂದು ಕೈ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಗೆ ಹೋಗಿ ನೋಡಿದರೆ ಅವ್ವ ಒಂದೊಂದೇ ಚೂರನ್ನು ಇಕ್ಕಳದಲ್ಲಿ ಎತ್ತಿ ಹಳೆಯ ಪೇಪರಿನ ಮೇಲೆ ಇಡುತ್ತಿದ್ದಳು.

"ಯಾರ್ ಮಾಡ್ಸ್ಯಾರಲೇ ಇದನ್ನ?"

"ಮಾಟ ಅಲ್ಲವ್ವಾ, ಪಾಠ. ಅಥೆನ್ಸ್ ಅಂತ ಒಂದು ಊರಿತ್ತು, ಅಲ್ಲಿ ಹಿಂಗ ಮಾಡ್ತಿದ್ರು."

"ಅಲ್ಲೀತನಕ ಹೋಗಿ ಮಾಡ್ಸ್ಯಾರೇನು!" ಎಂದು ಅವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. "ನಿನ್ನ ನೌಕ್ರಿ ಮ್ಯಾಲ ಕಣ್ಣಿಟ್ಟಾರ."

ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಉಪ್ಪು ಮೆಣಸಿನಕಾಯಿ ಇಳಿಸಿ ಕೆಂಡಕ್ಕೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರಬಾರದು ಎಂಬುದು ಲೆಕ್ಕ. ಮನೆಮಂದಿಯೆಲ್ಲ ಕೆಮ್ಮಿದೆವು, ಪಕ್ಕದ ಮನೆಯವರೂ ಕೆಮ್ಮಿದರು. ಹಾಗಾದರೆ ಇದು ದೃಷ್ಟಿಯಲ್ಲ, ಮಾಟವೇ ಎಂದು ಸಾಬೀತಾಯಿತು. ಭಾನುವಾರ ಅವ್ವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಅಥೆನ್ಸಿನ ಮತಪತ್ರಗಳನ್ನೆಲ್ಲ ಕಾಲುವೆಗೆ ಬಿಟ್ಟು ಬಂದೆ. "ಹಿಂದಕ್ ತಿರುಗಿ ನೋಡ್‌ಬ್ಯಾಡ" ಎಂದಳು. ನೋಡಲಿಲ್ಲ.

ಅವ್ವನ ಮುಂದೆ ನಕ್ಕೆನಾದರೂ ಒಳಗೆ ನೋವಾಗಿತ್ತು. ಆಟವೇ ಸರಿ, ಆದರೂ ಒಬ್ಬರಾದರೂ ಬೇರೆ ಹೆಸರು ಬರೆಯಬಹುದಿತ್ತು. ನಾನು ಜೋರು ಮಾಡುವವನಲ್ಲ, ಹಾಜರಾತಿಯಲ್ಲೂ ಕೈ ಬಿಗಿ ಮಾಡಿದವನಲ್ಲ. ಕರೆಯುವವರು ಕರೆಯದಿದ್ದರೆ ಸರ್ಕಾರದ ಮೇಲೆ ಸಿಟ್ಟಾಗಬಹುದು. ಈ ಮಕ್ಕಳಿಗೇ ಬೇಡವಾದರೆ ಯಾರ ಮೇಲೆ ಸಿಟ್ಟಾಗಲಿ?

ಸೋಮವಾರ ಕ್ಲಾಸಿಗೆ ಹೋದವನೇ ಕೇಳಿದೆ. "ಎಲ್ಲಾರೂ ನನ್ನ ಹೆಸರೇ ಯಾಕ ಬರದ್ರಿ? ಬೈಯೂದಿಲ್ಲ, ಹೇಳ್ರಿ."

 ವಡ್ಡು ಎಂಬ ಹಳ್ಳಿಯಿಂದ ಬರುವ ಹುಡುಗಿ ಎದ್ದು ನಿಂತಳು. ಅವಳಪ್ಪ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ, ಅವಳು ಎರಡು ಬಸ್ಸು ಬದಲಿಸಿ ಬರುತ್ತಾಳೆ.

"ಸರ್, ನಮ್ಮ ನಮ್ಮೊಳಗ ಯಾರ್ದರ ಹೆಸರು ಬರದ್ರ ಅವ್ರ ಮಂದಿ, ಇವ್ರ ಮಂದಿ ಅಂತ ಆಗ್ತೈತ್ರಿ. ಕ್ಲಾಸಿನ್ ಮಾತು ಊರಿಗೆ ಹತ್ತತೈತಿ. ನಾಳೆ ಮತ್ತ ಒಂದಾ ಬಸ್ಸಿನ್ಯಾಗ ಕುಂತು ಬರಬೇಕಲ್ರಿ. ಅದಕ್ಕ ಎಲ್ಲಾರೂ ಮಾತಾಡ್ಕೊಂಡ್ವಿ."

"ಅದಕ್ಕ ನಾನಾ?"

"ನೀವು ಹೊರಗಿನವ್ರು ನೋಡ್ರಿ ಸರ್. ಪರೀಕ್ಷಿ ಮುಗಿದ್ ಕೂಡ್ಲೇ ಹೆಂಗೂ ಹೋಗವ್ರು."

ಪೂರ್ತಿ ಮರ್ಯಾದೆಯಿಂದ, ಕೈಕಟ್ಟಿಕೊಂಡು ಹೇಳಿದಳು. ನಾನು ಹುಟ್ಟಿದ್ದು ಆ ಕಾಲೇಜಿನಿಂದ ಕೂಗಳತೆ ದೂರದಲ್ಲಿ, ಓದಿದ್ದು ಅದೇ ಕ್ಲಾಸಿನಲ್ಲಿ. ಅದನ್ನು ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಆದರೆ ಅವಳ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ತೋರಿಸಲಾಗಲಿಲ್ಲ. "ಸರಿ ಐತವ್ವಾ, ಕುಂದ್ರು" ಎಂದು ಹಲಗೆಯತ್ತ ತಿರುಗಿದೆ. ರೋಮಿನ ಪಾಠ ಶುರು ಮಾಡಬೇಕಿತ್ತು. ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ.

ಅವಳಿನ್ನೂ ಕೂತಿರಲಿಲ್ಲ. "ಸರ್, ಬ್ಯಾಸರಾತೇನ್ರಿ?" ಎಂದು ಕೇಳಿದಳು.

ಇಲ್ಲ ಎನ್ನಲು ಬಾಯಿ ತೆರೆದೆ. "ಹೂಂನವ್ವಾ, ಆತು" ಎಂದೆ.