ಚಾಚಾ ಆರಿಸಿದ ರೀಲು

ಚಾಚಾರ ಬೆರಳಿನ ಗೆಣ್ಣುಗಳು ಹಸಿ ಶುಂಠಿಯ ಕೊಂಬಿನ ಹಾಗೆ ಉಬ್ಬಿ, ಒಂದೊಂದು ಒಂದೊಂದು ಕಡೆಗೆ ತಿರುಗಿಕೊಂಡಿದ್ದವು. ಕಪ್ಪಿನ ಹಿಡಿಯೊಳಗೆ ಬೆರಳು ತೂರುತ್ತಿರಲಿಲ್ಲ. ಎರಡು ಅಂಗೈಗಳ ನಡುವೆ ಕಪ್ಪನ್ನು ಒತ್ತಿಕೊಂಡು ಚಹಾ ಕುಡಿಯುತ್ತಿದ್ದರು. ಯಾರಾದರೂ ನೆರವಿಗೆ ಕೈ ನೀಡಿದರೆ ಮುಖ ಗಂಟಾಗುತ್ತಿತ್ತು.

ನಾನು ಪಿಎಚ್‌ಡಿಗೆಂದು ಮೈಸೂರಿನಿಂದ ಬಂದು ಇಂಗ್ಲೆಂಡಿನ ಬೀಸ್ಟನ್ನಿನಲ್ಲಿ ಕೋಣೆ ಹಿಡಿದಾಗ ಅವರು ಪಕ್ಕದ ಮನೆಯವರು. ಹುಬ್ಬಳ್ಳಿ ಕಡೆಯವರು, ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಬೇರಿಂಗುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದು ನಿವೃತ್ತರಾಗಿದ್ದರು. ಹೆಂಡತಿಯ ಜೊತೆ ದಖ್ಖನಿ, ನನ್ನ ಜೊತೆ ಧಾರವಾಡದ ಕನ್ನಡ. ಶನಿವಾರ ಬಂತೆಂದರೆ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಮೀನಿನ ಗಾಳದ ದಾರ ಸುತ್ತುವ ರೀಲುಗಳನ್ನು ಬಿಚ್ಚಿ ಕೂರುತ್ತಿದ್ದರು. ಒರೆಸಿ, ಎಣ್ಣೆ ಬಿಟ್ಟು, ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಿದ್ದರು. "ತಿರುಗೋ ಸಾಮಾನು ಸುಳ್ಳು ಹೇಳಂಗಿಲ್ಲ ನೋಡವಾ," ಅನ್ನುತ್ತಿದ್ದರು. ಮೇಜಿನ ಎಣ್ಣೆ ವಾಸನೆಗೆ ಚಾಚಿ ಕಿಟಕಿ ತೆರೆಯುತ್ತಿದ್ದರು. ಚಳಿ ಎಂದು ಚಾಚಾ ಮುಚ್ಚುತ್ತಿದ್ದರು.

ಅವರಿಗೊಬ್ಬ ತಮ್ಮನಿದ್ದ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಇಂಜಿನಿಯರು. ತಾಯಿ ತೀರಿಕೊಂಡಾಗ ಅವನು ಮಣ್ಣಿಗೆ ಬರಲಿಲ್ಲವೆಂದು ಎಂಟು ವರ್ಷ ಮಾತಿರಲಿಲ್ಲ. ಆ ವರ್ಷ ಅವನೇ ಫೋನು ಮಾಡಿದ. ಸೆಪ್ಟೆಂಬರಿನಲ್ಲಿ ಸಾಲ್ಮನ್ ಮೀನು ಬರುತ್ತವೆ, ನನ್ನದೊಂದು ಸಣ್ಣ ದೋಣಿಯಿದೆ, ನೀನು ಬಾ ಎಂದ. ಚಾಚಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮಾರನೆಯ ದಿನ ನನ್ನನ್ನು ಕರೆದು, "ಸಮುದ್ರಕ್ಕ ಬ್ಯಾರೇನೇ ರೀಲು ಬೇಕಾಗ್ತದ," ಎಂದರು. ಹೋಗುತ್ತಾರೆಂದು ಚಾಚಿಗೂ ನನಗೂ ತಿಳಿದದ್ದು ಹಾಗೆ.

ಅಲ್ಲಿನ ಪದ್ಧತಿ ಎರಡು ಬಗೆಯದೆಂದು ಅವರೇ ವಿವರಿಸಿದರು. ಒಂದು ಮೂಚಿಂಗ್. ದೋಣಿಯ ಎಂಜಿನ್ ನಿಲ್ಲಿಸಿ ನೀರು ಒಯ್ದ ಕಡೆ ಹೋಗುತ್ತ, ಸೀಸದ ಗುಂಡು ಕಟ್ಟಿದ ದಾರಕ್ಕೆ ಹೆರಿಂಗ್ ಮೀನಿನ ತುಂಡು ಸಿಕ್ಕಿಸಿ ನಿಧಾನ ಎತ್ತುವುದು, ಇಳಿಸುವುದು. ಇನ್ನೊಂದು ಡೌನ್‌ರಿಗ್ಗರ್. ದೋಣಿಯಿಂದ ತಂತಿಯಲ್ಲಿ ಭಾರದ ಗುಂಡೊಂದನ್ನು ಆಳಕ್ಕೆ ಬಿಟ್ಟು, ಗಾಳದ ದಾರವನ್ನು ಅದಕ್ಕೆ ಕ್ಲಿಪ್ಪಿನಿಂದ ಕಚ್ಚಿಸುವುದು. ಮೀನು ಗಾಳ ಕಚ್ಚಿದರೆ ಕ್ಲಿಪ್ಪು ಬಿಡುತ್ತದೆ, ದಾರ ಸಡಿಲಾಗುತ್ತದೆ, ಆಗ ಸರಸರ ಸುತ್ತಬೇಕು. ಎರಡಕ್ಕೂ ಆಗುವ ಒಂದೇ ರೀಲು ಅವರಿಗೆ ಬೇಕಾಗಿತ್ತು.

ಪರಿಚಯದ ಅಂಗಡಿಗೆ ನಾನೂ ಹೋದೆ. ಅಂಗಡಿಯಾತ ಎರಡನ್ನು ಮುಂದಿಟ್ಟ. ಮೊದಲನೆಯದಕ್ಕೆ ಗೇರಿಲ್ಲ. ಹಿಡಿಕೆ ಒಂದು ಸುತ್ತು ತಿರುಗಿದರೆ ದಾರವೂ ಒಂದೇ ಸುತ್ತು, ಮೀನು ಓಡಿದರೆ ಹಿಡಿಕೆ ಹಿಂದಕ್ಕೆ ಗಿರ್ರನೆ ತಿರುಗುತ್ತದೆ, ಆಗ ಬೆರಳು ತೆಗೆಯದಿದ್ದರೆ ಏಟು. ಎರಡನೆಯದು ಗೇರಿನದು. ಬೇಗ ಸುತ್ತುತ್ತದೆ, ಮೀನು ಎಳೆದರೆ ಒಳಗಿನ ಬಿಗಿತ ಹದವಾಗಿ ದಾರ ಬಿಡುತ್ತದೆ, ಹಿಡಿಕೆ ಮಿಸುಕುವುದಿಲ್ಲ. ಚಾಚಾ ಮೊದಲನೆಯದನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದರು.

"ಇದರಾಗ ಮೀನಿನ ಜೀವಾನೇ ಕೈಗೆ ಬರ್ತದ," ಎಂದು ನನಗೆ ಹೇಳಿದರು.

ಅಂಗಡಿಯಾತ ಅವರ ಕೈ ನೋಡಿದ. "ನಿಮಗೆ ಎರಡನೆಯದೇ ಸರಿ," ಎಂದ. ಚಾಚಾ ಮೊದಲನೆಯದನ್ನು ಕೆಳಗಿಡಲಿಲ್ಲ. ಕೊನೆಗೆ ಅವನೇ, "ಎರಡನ್ನೂ ಒಯ್ದು ನೋಡಿ, ಸೋಮವಾರ ಒಂದನ್ನು ವಾಪಸು ತನ್ನಿ," ಎಂದ.

ಭಾನುವಾರ ಬೆಳಿಗ್ಗೆ ಟ್ರೆಂಟ್ ನದಿಯ ದಂಡೆಯ ಹುಲ್ಲಿನ ಮೇಲೆ ನಾನು ಸಾಲ್ಮನ್ ಆದೆ. ಮೀನನ್ನು ಮುಟ್ಟಿದವಳೂ ಅಲ್ಲ ನಾನು. ಬೆನ್ನಿನ ಬ್ಯಾಗಿಗೆ ಮೊದಲ ರೀಲಿನ ದಾರದ ತುದಿ ಕಟ್ಟಿ, "ಜೋರಾಗಿ ಓಡು, ನಡುವ ತಿರುಗು," ಎಂದರು. ಓಡಿದೆ. ನಾಯಿ ಕರೆತಂದವರು ನಿಂತು ನೋಡಿದರು. ಹಿಂದೆ ಟಕಟಕ ಸದ್ದಾಯಿತು, ತಿರುಗಿ ನೋಡಿದೆ. ಹಿಡಿಕೆ ಬೆರಳಿಗೆ ಬಡಿದಿತ್ತು. ಚಾಚಾ ಗಾಳದ ಕೋಲು ಬಿಟ್ಟಿರಲಿಲ್ಲ. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಓಡಿದೆ. ಮೂರನೆಯ ಸಲಕ್ಕೆ ಗೆಣ್ಣು ಒಡೆದು ರಕ್ತ ಬಂತು. ಬೆಂಚಿನ ಮೇಲೆ ಕೂತಿದ್ದ ಚಾಚಿ ಎದ್ದು ನಿಂತರು.

"ಓಡವಾ, ಇನ್ನೊಮ್ಮೆ."

"ಇಲ್ಲ ಚಾಚಾ. ನಾನು ಓಡಲ್ಲ."

"ಯಾಕ? ದಣದಿ?"

"ದಣಿದಿಲ್ಲ. ನಿಮಗೆ ಬೆರಳು ತೆಗೆಯೋಕ್ಕಾಗ್ತಿಲ್ಲ. ನಿಮಗೂ ಗೊತ್ತು."

ಹಿರಿಯರಿಗೆ ನಾನು ಹಾಗೆ ಎದುರಾಡಿದ್ದು ಅದೇ ಮೊದಲು. ಚಾಚಾ ಕೋಲನ್ನು ಹುಲ್ಲಿನ ಮೇಲೆ ಇಟ್ಟರು. ಚಾಚಿ ಹೋಗಿ ಕರವಸ್ತ್ರದಿಂದ ಗೆಣ್ಣು ಸುತ್ತಿದರು. ಆಮೇಲೆ ಚಾಚಾ ತಾವೇ ಎರಡನೆಯ ರೀಲನ್ನು ಕೋಲಿಗೆ ಕೂರಿಸತೊಡಗಿದರು. ಸ್ಕ್ರೂ ಬಿಗಿಯಲು ಹತ್ತು ನಿಮಿಷ ಹಿಡಿಯಿತು. ಯಾರೂ ಕೈ ಹಾಕಲಿಲ್ಲ. ನಾನು ಓಡಿದೆ. ದಾರ ಹದವಾಗಿ ಬಿಟ್ಟುಕೊಂಡಿತು. ನಾನು ನಿಂತಾಗ ಅವರು ಅಂಗೈಯಿಂದಲೇ ಹಿಡಿಕೆ ತಿರುಗಿಸುತ್ತ ನನ್ನನ್ನು ದಡಕ್ಕೆ ತಂದರು.

"ಇದು ನಂಗ ಸೇರಂಗಿಲ್ಲ," ಎಂದರು. "ಆದ್ರ ಕೈಗೆ ಸೇರಿತು. ಇರ್ಲಿ."

ಕೆನಡಾದಿಂದ ಮೂರು ವಾರಕ್ಕೆ ವಾಪಸಾದರು. ಎರಡು ದಿನ ಮೂಚಿಂಗಿನಲ್ಲಿ ಏನೂ ಸಿಗಲಿಲ್ಲವಂತೆ. ಮೂರನೆಯ ಬೆಳಿಗ್ಗೆ ಡೌನ್‌ರಿಗ್ಗರಿನ ಕ್ಲಿಪ್ಪು ಬಿಟ್ಟಿತು. ಸಡಿಲಾದ ದಾರವನ್ನು ಹೇಗೋ ಬೇಗ ಎಳೆದುಕೊಂಡರು. ಮೀನು ದೊಡ್ಡದು. ಸ್ವಲ್ಪ ಹೊತ್ತಿಗೆ ಬೆರಳು ಮರಗಟ್ಟಿ ಹಿಡಿಕೆ ತಿರುಗದಾಯಿತು. ಪಕ್ಕದಲ್ಲೇ ತಮ್ಮ ನಿಂತಿದ್ದ, ಮುಟ್ಟಿರಲಿಲ್ಲ. ಚಿಕ್ಕಂದಿನಿಂದ ಅಣ್ಣನ ಸಾಮಾನು ಮುಟ್ಟಿ ಏಟು ತಿಂದವನು.

"ನಾನೇ ಹೇಳಿದೆ, ನೀ ತಿರುವೋ ಅಂತ. ಕೋಲು ನಾ ಹಿಡದೆ, ಹಿಡಿಕಿ ಅಂವ ತಿರುವಿದ. ಮೀನು ದೋಣ್ಯಾಗ ಬಿತ್ತು ನೋಡು, ಅಮ್ಮನ ಮಾತು ತಗದ. ವೀಸಾ ಕಾಗದ ಸಿಗಲಾರದ್ದು, ಏರ್‌ಪೋರ್ಟಿನಿಂದ ತಿರುಗಿ ಬಂದದ್ದು, ಎಲ್ಲಾ. ನಾ ಎಂದೂ ಕೇಳಿರಲಿಲ್ಲ ನೋಡವಾ."

ಆ ಚಳಿಗಾಲ ಒಂದು ಬೆಳಿಗ್ಗೆ ಡಾಕ್ಟರ ಬಳಿಗೆ ಹೊರಟ ಚಾಚಾ ನಮ್ಮ ಬಾಗಿಲಲ್ಲಿ ನಿಂತು, ಬಿಚ್ಚಿದ ಕೋಟಿನ ಅಂಚುಗಳನ್ನು ನನ್ನ ಕಡೆ ಚಾಚಿದರು. ಗುಂಡಿ ಹಾಕಿದೆ.

ನನ್ನ ಪ್ರಯೋಗಗಳು ನಾಲ್ಕು ತಿಂಗಳಿಂದ ಕೈಕೊಟ್ಟಿದ್ದವು. ಅದನ್ನು ಗೈಡ್‌ಗೆ ಮುಚ್ಚಿಟ್ಟಿದ್ದೆ. ಅದೇ ವಾರ ಹೋಗಿ ಹೇಳಿದೆ. ಆಕೆ ಕುರ್ಚಿ ಎಳೆದು, ಬಾ ನೋಡೋಣ ಎಂದರು. ನನ್ನ ಪಿಎಚ್‌ಡಿ ಮುಗಿದದ್ದು ಅದರಿಂದ. ಚಾಚಾರಿಗೆ ಇದನ್ನು ಹೇಳಬೇಕೆಂದುಕೊಂಡೆ, ಹೇಳಲಿಲ್ಲ.

ವಸಂತದಲ್ಲಿ ಚಾಚಾ ಎದೆಯ ಸೋಂಕಿನಿಂದ ಆಸ್ಪತ್ರೆ ಸೇರಿದರು. ತಮ್ಮ ಬಂದ. ನಾನು ನೋಡಲು ಹೋದ ಮಧ್ಯಾಹ್ನ ಅವನು ಹಾಸಿಗೆಯ ಅಂಚಿನಲ್ಲಿ ಕೂತು ಸಣ್ಣ ಕತ್ತರಿಯಿಂದ ಅಣ್ಣನ ಗಡ್ಡ ಸರಿಮಾಡುತ್ತಿದ್ದ. ಚಾಚಾ ಗದ್ದ ಎತ್ತಿ ಕೊಟ್ಟಿದ್ದರು. ನನ್ನನ್ನು ಕಂಡು ಕಣ್ಣಲ್ಲೇ ಕರೆದರು.

"ಎಡಗಡೆ ಇನ್ನೂ ಉಳದದ ನೋಡವಾ," ಎಂದರು. "ಇವಂದು ಸಣ್ಣಾಂವ ಇದ್ದಾಗಿಂದ ಅರ್ಧಾ ಕೆಲಸಾ."

ತಮ್ಮ ನಗುತ್ತ ಕತ್ತರಿಯನ್ನು ಎಡಗಡೆಗೆ ಒಯ್ದ. ಎರಡು ದಿನ ಬಿಟ್ಟು ಚಾಚಾ ತೀರಿಕೊಂಡರು.